ಟೆಸ್ಟ್ ರಿಪೋರ್ಟ್‌ಗೆ ಸಹಿ ಹಾಕುವ ಮುನ್ನ: ವಿದ್ಯುತ್ ಗುತ್ತಿಗೆದಾರರಿಗೊಂದು ಮಾರ್ಗದರ್ಶಿ

ಹೊಸ ಮನೆಗೆ ಕರೆಂಟ್ ಬೇಕು ಎಂದು ಬೆಸ್ಕಾಂಗೋ ಹೆಸ್ಕಾಂಗೋ ಅರ್ಜಿ ಹಾಕಿದರೆ, ಲೈಸೆನ್ಸ್ ಇರುವ ಗುತ್ತಿಗೆದಾರರ ಕಂಪ್ಲೀಷನ್ ಮತ್ತು ಟೆಸ್ಟ್ ರಿಪೋರ್ಟ್ ಬೇಕಾಗುತ್ತದೆ. ವೈರಿಂಗ್ ಮುಗಿದಿದೆ, ಪರೀಕ್ಷೆ ಮಾಡಿದ್ದೇವೆ, ಕರೆಂಟ್ ಕೊಡಬಹುದು ಎಂದು ಹೇಳುವ ಕಾಗದ ಅದು. ನಿಯಮದ ಪ್ರಕಾರ ಎಸ್ಕಾಂನವರು (ವಿದ್ಯುತ್ ಸರಬರಾಜು ಕಂಪನಿಯವರು) ತಾವೇ ಪರೀಕ್ಷೆ ಮಾಡಬಹುದು, ಇಲ್ಲವೇ ಗುತ್ತಿಗೆದಾರರು ಸಹಿ ಮಾಡಿ ಕೊಟ್ಟ ಫಲಿತಾಂಶವನ್ನು ಒಪ್ಪಿಕೊಳ್ಳಬಹುದು. ಸೆಕ್ಷನ್ ಆಫೀಸಿನ ಎಂಜಿನಿಯರ್ ಬಂದು ಮೀಟರ್ ಬೋರ್ಡ್ ನೋಡಬಹುದು. ಆದರೆ ಗೋಡೆಯೊಳಗಿನ ಪೈಪು, ಗೀಸರ್ ಸಾಕೆಟ್ಟಿನ ಹಿಂದಿನ ಅರ್ಥ್ ವೈರು ಅವರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಕೊನೆಯದಾಗಿ ನೋಡುವವರು ನೀವೇ.

ಹೊಸದಾಗಿ ಲೈಸೆನ್ಸ್ ಪಡೆದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹೇಳಬೇಕಾದ್ದು ಒಂದೇ: ರಿಪೋರ್ಟಿನಲ್ಲಿರುವ ಪ್ರತಿ ಅಂಕಿಯೂ ಆ ಜಾಗದಲ್ಲಿ, ಆ ದಿನ, ನಿಮ್ಮ ಮೀಟರ್ ತೋರಿಸಿದ್ದೇ ಆಗಿರಬೇಕು. ಹಿಂದಿನ ಮನೆಯ ರಿಪೋರ್ಟಿನಿಂದ ಇಳಿಸಿಕೊಂಡದ್ದಾಗಿರಬಾರದು.

ಯಾರು ಕೆಲಸ ಮಾಡಬಹುದು

2003ರ ವಿದ್ಯುತ್ ಕಾಯ್ದೆಯ 53ನೇ ಕಲಂ ಸುರಕ್ಷತೆಯ ನಿಯಮ ಮಾಡುವ ಅಧಿಕಾರವನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರಕ್ಕೆ ಕೊಟ್ಟಿದೆ. ಪ್ರಾಧಿಕಾರ 2010ರಲ್ಲಿ ಸುರಕ್ಷತಾ ನಿಯಮಾವಳಿ ತಂದಿತು. 2023ರಲ್ಲಿ ಅದರ ಜಾಗಕ್ಕೆ ಹೊಸ ನಿಯಮಾವಳಿ ಬಂತು. ನಮ್ಮಲ್ಲಿ ಗುತ್ತಿಗೆದಾರರ ಲೈಸೆನ್ಸ್, ಸೂಪರ್‌ವೈಸರ್ ಮತ್ತು ವೈರ್‌ಮನ್ ಪರ್ಮಿಟ್ ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ಇಲಾಖೆ.

ನಿಯಮ ಮೂರು ಜನರನ್ನು ಕೇಳುತ್ತದೆ. ಕೆಲಸ ಹಿಡಿಯುವವರಿಗೆ ಗುತ್ತಿಗೆದಾರರ ಲೈಸೆನ್ಸ್ ಇರಬೇಕು. ಕೆಲಸವನ್ನು ಅರ್ಹತಾ ಪತ್ರವಿರುವ ಸೂಪರ್‌ವೈಸರ್ ಖುದ್ದಾಗಿ ನಿಂತು ನೋಡಿಕೊಳ್ಳಬೇಕು. ಕೈಯಿಂದ ಕೆಲಸ ಮಾಡುವವರಿಗೆ ಪರ್ಮಿಟ್ ಇರಬೇಕು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಇದ್ದಂತೆಯೇ ಬದಲಿಸುವುದಕ್ಕೆ ಮಾತ್ರ ವಿನಾಯಿತಿ. ಹೊಸದೊಂದು ಎಸಿ ಪಾಯಿಂಟ್ ಎಳೆದರೂ ಅದು ವಿನಾಯಿತಿಯ ಹೊರಗೆ ಬರುತ್ತದೆ. ‘ಒಂದೇ ಪಾಯಿಂಟ್ ಅಲ್ವಾ’ ಎಂದು ಯಾರನ್ನೋ ಕರೆದು ಮಾಡಿಸುವುದು ಎಲ್ಲ ಊರಲ್ಲೂ ನಡೆಯುತ್ತದೆ. ನಡೆಯುತ್ತದೆ ಎಂದ ಮಾತ್ರಕ್ಕೆ ಸರಿಯಾಗುವುದಿಲ್ಲ.

ನಿಮ್ಮ ಲೈಸೆನ್ಸ್, ನಿಮ್ಮವರ ಪರ್ಮಿಟ್ಟುಗಳ ಅವಧಿ ಮುಗಿಯುವ ದಿನವನ್ನು ಒಂದು ಕಡೆ ಬರೆದಿಡಿ. ಅವಧಿ ಮುಗಿದ ಪರ್ಮಿಟ್ಟಿನ ನಂಬರ್ ರಿಪೋರ್ಟಿನಲ್ಲಿದ್ದರೆ ಅಡಚಣೆ ನಿಮಗೇ.

ಕೆಲಸ ಶುರು ಮಾಡುವ ಮೊದಲು

ಮಾಲೀಕರ ಜೊತೆ ಕೂತು ಲೋಡ್ ಪಟ್ಟಿ ಮಾಡಿ. ಈಗ ಇರುವುದನ್ನಷ್ಟೇ ಕೇಳಬೇಡಿ. ಮುಂದೆ ಎಲೆಕ್ಟ್ರಿಕ್ ಸ್ಕೂಟರ್ ತರುತ್ತೀರಾ, ಮೇಲೊಂದು ಮಹಡಿ ಕಟ್ಟುತ್ತೀರಾ, ಸೋಲಾರ್ ಹಾಕಿಸುತ್ತೀರಾ ಎಂದೂ ಕೇಳಿ. ಗಾಡಿ ಚಾರ್ಜಿಂಗ್‌ಗೆ ಪ್ರತ್ಯೇಕ ಸರ್ಕ್ಯೂಟ್ ಬೇಕು, ಅದಕ್ಕೆ 30 ಮಿಲಿ ಆಂಪ್ ಆರ್‌ಸಿಸಿಬಿ (ಕರೆಂಟ್ ಅರ್ಥ್‌ಗೆ ಸೋರಿದರೆ ತಟ್ಟನೆ ಸಪ್ಲೈ ಕಡಿಯುವ ಸ್ವಿಚ್ಚು) ಬೇಕು. ಇದನ್ನು ಗೋಡೆ ಕೊರೆಯುವ ಮುಂಚೆ ತಿಳಿದಿದ್ದರೆ ಒಳ್ಳೆಯದು.

ಕಟ್ಟಡದ ಎತ್ತರ 15 ಮೀಟರ್ ದಾಟಿದರೆ ಬಹುಮಹಡಿ ಕಟ್ಟಡದ ನಿಯಮಗಳು ಬರುತ್ತವೆ. ಕೇಬಲ್ಲಿಗೆ ಬೇರೆಯೇ ಶಾಫ್ಟ್ ಬೇಕು, ಅದರಲ್ಲಿ ನೀರಿನ ಪೈಪು, ಗ್ಯಾಸ್ ಪೈಪು ಬರಬಾರದು. ಹೈ ಟೆನ್ಷನ್ ಸಂಪರ್ಕವಿದ್ದರೆ ಪರಿವೀಕ್ಷಣಾಲಯದ ಒಪ್ಪಿಗೆ ಇಲ್ಲದೆ ಚಾರ್ಜ್ ಮಾಡುವಂತಿಲ್ಲ. ಲಿಫ್ಟ್ ಇದ್ದರೆ ಅದಕ್ಕೆ ರಾಜ್ಯದ 2012ರ ಬೇರೊಂದು ಕಾಯ್ದೆಯೇ ಇದೆ. ಇವೆಲ್ಲ ದೊಡ್ಡ ಕೆಲಸಗಳು, ಇಲ್ಲಿಗೆ ಬಿಡೋಣ. ನಮ್ಮಲ್ಲಿ ಹೆಚ್ಚಿನವರು ಸಹಿ ಹಾಕುವುದು ಮನೆ, ಅಂಗಡಿ, ಗಿರಣಿ, ಪಂಪ್‌ಸೆಟ್ಟುಗಳ ರಿಪೋರ್ಟಿಗೆ.

ಪ್ಲಾಸ್ಟರ್ ಆಗುವ ಮುನ್ನ ಒಮ್ಮೆ ಹೋಗಿ

ಪೈಪುಗಳನ್ನು ಮುಚ್ಚುವ ಮುಂಚೆ ಸೂಪರ್‌ವೈಸರ್ ಒಂದು ಸುತ್ತು ಹಾಕಲೇಬೇಕು. ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಗೋಡೆ ಗೋಡೆಗೂ ಫೋಟೋ ತೆಗೆದಿಡಿ. ವೈರ್ ಎಳೆದ ಮೇಲೆ ಬಣ್ಣ ನೋಡಿ. ಹಸಿರು ಅರ್ಥ್‌ಗೆ ಮಾತ್ರ, ಕಪ್ಪು ನ್ಯೂಟ್ರಲ್‌ಗೆ ಮಾತ್ರ. ಕೆಂಪು ವೈರ್ ಮುಗಿಯಿತು ಎಂದು ಹಸಿರನ್ನು ಫೇಸ್‌ಗೆ ಎಳೆದದ್ದು ಕಂಡರೆ ಅಲ್ಲೇ ಕೀಳಿಸಿ. ಟೇಪ್ ಸುತ್ತಿ ಬಿಡಬೇಡಿ. ಹತ್ತು ವರ್ಷದ ನಂತರ ಆ ಬೋರ್ಡ್ ಬಿಚ್ಚುವವನು ಹಸಿರನ್ನು ನಂಬಿ ಕೈ ಹಾಕುತ್ತಾನೆ. ಪೈಪಿನ ನಡುವೆ ವೈರ್ ಜಾಯಿಂಟ್ ಇರಬಾರದು. ಜಾಯಿಂಟ್ ಬೇಕಾದರೆ ಬಾಕ್ಸಿನಲ್ಲಿ, ಕನೆಕ್ಟರ್ ಹಾಕಿ.

ಕರೆಂಟ್ ಇಲ್ಲದೆ ಮಾಡುವ ಪರೀಕ್ಷೆಗಳು

ಇವು ಮೊದಲು. ಇವು ಪಾಸಾಗದೆ ಮುಂದಿನವಕ್ಕೆ ಹೋಗಬಾರದು.

ಅರ್ಥ್ ಕಂಟಿನ್ಯೂಟಿಯಿಂದ, ಅಂದರೆ ಅರ್ಥ್ ವೈರು ಎಲ್ಲೂ ಕಡಿಯದೆ ಬಂದಿದೆಯೇ ಎಂದು ನೋಡುವುದರಿಂದ, ಶುರು ಮಾಡಿ. ಡಿಬಿಯ (ಸರ್ಕ್ಯೂಟುಗಳು ಕವಲೊಡೆಯುವ ಪೆಟ್ಟಿಗೆಯ) ಅರ್ಥ್ ಬಾರ್‌ನಿಂದ ಪ್ರತಿ ಸಾಕೆಟ್ಟಿನ ಮೇಲಿನ ದೊಡ್ಡ ತೂತಿನವರೆಗೆ ಅಳೆಯಿರಿ. ಬೀಪ್ ಬಂದರೆ ಸಾಲದು, ಓಮ್ ಎಷ್ಟು ಎಂದು ನೋಡಿ. 2.5 ಚದರ ಮಿಲಿಮೀಟರ್ ತಾಮ್ರದ ವೈರು ಒಂದು ಮೀಟರ್ ಉದ್ದಕ್ಕೆ ಸುಮಾರು 0.0074 ಓಮ್. 20 ಮೀಟರ್ ವೈರಿಗೆ 0.15 ಓಮ್ ಆಸುಪಾಸು ಬರಬೇಕು. ಅಲ್ಲಿ 2 ಓಮ್ ತೋರಿಸಿದರೆ ಎಲ್ಲೋ ಒಂದು ಸ್ಕ್ರೂ ಸಡಿಲ ಇದೆ ಅಥವಾ ಬರೀ ತಿರುಚಿ ಬಿಟ್ಟ ಜಾಯಿಂಟ್ ಇದೆ. ಬೀಪ್ ಅದಕ್ಕೂ ಬರುತ್ತದೆ! ಬಾತ್‌ರೂಮ್, ಅಡುಗೆಮನೆ, ವಾಷಿಂಗ್ ಮಷೀನ್ ಜಾಗ, ಸಂಪ್ ಮೋಟಾರು, ಇಷ್ಟನ್ನಂತೂ ಯಾವ ಕಾರಣಕ್ಕೂ ಬಿಡಬೇಡಿ. ಒದ್ದೆ ಮೈ, ಬರಿಗಾಲು ಇರುವ ಜಾಗಗಳು ಅವು.

ಆಮೇಲೆ ಮೆಗ್ಗರ್, ಅಂದರೆ ವೈರಿನ ಇನ್ಸುಲೇಷನ್ ಅಳೆಯುವ ಮೀಟರ್. ಮೇನ್ ಆಫ್ ಮಾಡಿ. ಬಲ್ಬುಗಳನ್ನು ತೆಗೆಯಿರಿ. ಫ್ರಿಡ್ಜು, ಟಿವಿ, ಯುಪಿಎಸ್, ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಎಲ್‌ಇಡಿ ಡ್ರೈವರ್, ಸರ್ಜ್ ಪ್ರೊಟೆಕ್ಟರ್ ಎಲ್ಲವನ್ನೂ ಬಿಡಿಸಿ, ಇಲ್ಲದಿದ್ದರೆ ಸುಟ್ಟುಹೋಗುತ್ತವೆ. ಸ್ವಿಚ್ಚುಗಳನ್ನು ಆನ್ ಮಾಡಿ. ಇಲ್ಲವಾದರೆ ಸ್ವಿಚ್ಚಿನಿಂದ ಆಚೆಗಿರುವ ವೈರು ಪರೀಕ್ಷೆಗೇ ಸಿಗುವುದಿಲ್ಲ. ಫೇಸು ಮತ್ತು ನ್ಯೂಟ್ರಲನ್ನು ಒಟ್ಟು ಸೇರಿಸಿ, ಅರ್ಥ್‌ಗೆ ಎದುರಾಗಿ 500 ವೋಲ್ಟ್ ಡಿಸಿಯನ್ನು ಒಂದು ನಿಮಿಷ ಕೊಡಿ. ಕನಿಷ್ಠ 1 ಮೆಗಾ ಓಮ್ ಬರಬೇಕು ಎನ್ನುತ್ತದೆ ನಿಯಮ. ನಂತರ ಫೇಸಿನಿಂದ ನ್ಯೂಟ್ರಲ್‌ಗೆ ಬೇರೆಯಾಗಿ ಅಳೆಯಿರಿ.

ಇಲ್ಲಿ ನನ್ನ ಅಭಿಪ್ರಾಯ ಒಂದಿದೆ. 1 ಮೆಗಾ ಓಮ್ ಎನ್ನುವುದು ಪಾಸ್ ಮಾರ್ಕು, ಅಷ್ಟೆ. ಹೊಸ ವೈರು, ಒಣಗಿದ ಗೋಡೆ ಇದ್ದರೆ ಹತ್ತಾರು, ನೂರಾರು ಮೆಗಾ ಓಮ್ ಸಲೀಸಾಗಿ ಬರುತ್ತದೆ. ಹೊಸ ಮನೆಯಲ್ಲಿ ಒಂದೂವರೆಯೋ ಎರಡೋ ಬಂದರೆ ಕಾನೂನು ಸುಮ್ಮನಿರುತ್ತದೆ, ನೀವು ಸುಮ್ಮನಿರಬೇಡಿ. ಎಂಸಿಬಿಗಳನ್ನು (ಕರೆಂಟ್ ಮಿತಿ ಮೀರಿದರೆ ಸರ್ಕ್ಯೂಟ್ ಕಡಿಯುವ ಸ್ವಿಚ್ಚುಗಳನ್ನು) ಆಫ್ ಮಾಡಿ, ನ್ಯೂಟ್ರಲ್‌ಗಳನ್ನೂ ಬಾರ್‌ನಿಂದ ಬಿಚ್ಚಿ, ಒಂದೊಂದೇ ಸರ್ಕ್ಯೂಟ್ ಬೇರೆ ಮಾಡಿ ನೋಡಿ. ಫೋಟೋ ಫ್ರೇಮಿನ ಮೊಳೆ ಪೈಪಿಗೆ ಹೊಕ್ಕಿರಬಹುದು, ಬಾಕ್ಸಿನ ಅಂಚು ವೈರನ್ನು ಕೊಯ್ದಿರಬಹುದು, ಮಳೆಗಾಲದ ಪ್ಲಾಸ್ಟರಿನ ನೀರು ಪೈಪಿನಲ್ಲಿ ನಿಂತಿರಬಹುದು. ನೀರಾದರೆ ಒಣಗುತ್ತದೆ, ಮತ್ತೊಮ್ಮೆ ಅಳೆಯಬಹುದು. ಮೊಳೆ ಒಣಗುವುದಿಲ್ಲ.

ಪೊಲಾರಿಟಿ ಪರೀಕ್ಷೆ ಬೇಗ ಮುಗಿಯುತ್ತದೆ. ಸ್ವಿಚ್ಚು ಫೇಸಿನಲ್ಲೇ ಇರಬೇಕು. ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಫೇಸು ಬಲಕ್ಕೆ, ನ್ಯೂಟ್ರಲ್ ಎಡಕ್ಕೆ, ಅರ್ಥ್ ಮೇಲೆ. ನ್ಯೂಟ್ರಲ್ಲಿನಲ್ಲಿ ಸ್ವಿಚ್ ಇದ್ದರೆ ಲೈಟ್ ಆರುತ್ತದೆ, ಆದರೆ ಹೋಲ್ಡರಿನಲ್ಲಿ ಕರೆಂಟ್ ಹಾಗೇ ಇರುತ್ತದೆ.

ಅರ್ಥಿಂಗ್

ಅತಿ ಹೆಚ್ಚು ಊಹೆಯ ಅಂಕಿಗಳು ಬರೆಯಲ್ಪಡುವುದು ಈ ಕಾಲಂನಲ್ಲಿ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅರ್ಥಿಂಗ್‌ಗೆ ನಾವು ಹಿಡಿಯುವ ಭಾರತೀಯ ಮಾನಕ ಐಎಸ್ 3043. ಪೈಪು ಅಥವಾ ರಾಡು ಕನಿಷ್ಠ 2.5 ಮೀಟರ್ ಆಳಕ್ಕೆ ಇಳಿಯಬೇಕು. ಕಟ್ಟಡದಿಂದ ಒಂದೂವರೆ ಮೀಟರ್ ದೂರ ಇರಬೇಕು. ಎರಡು ಪಿಟ್ (ಅರ್ಥ್ ಪೈಪಿನ ಗುಂಡಿ) ಹಾಕಿದರೆ ಅವುಗಳ ನಡುವೆ ಪೈಪಿನ ಉದ್ದದ ಎರಡರಷ್ಟು ಅಂತರ ಬೇಕು. ಹತ್ತಿರ ಹತ್ತಿರ ಹಾಕಿದರೆ ಎರಡು ಪಿಟ್ಟಿನ ಖರ್ಚಾಗುತ್ತದೆ, ಎರಡರ ಪ್ರಯೋಜನ ಸಿಗುವುದಿಲ್ಲ. ಉಪ್ಪು ಜಾಸ್ತಿ ಸುರಿದರೆ ಮೊದಲ ವರ್ಷ ರೀಡಿಂಗ್ ಚೆನ್ನಾಗಿ ಬರುತ್ತದೆ. ಆಮೇಲೆ ಮಳೆಗೆ ಉಪ್ಪು ತೊಳೆದುಹೋಗುತ್ತದೆ, ಪೈಪು ತುಕ್ಕು ಹಿಡಿದು ಉಳಿಯುತ್ತದೆ.

ಅಳೆಯುವ ಕ್ರಮ ಹೀಗೆ. ಮೇನ್ ಆಫ್ ಮಾಡಿ, ಪಿಟ್ಟಿನ ಅರ್ಥ್ ಲೀಡನ್ನು ಕಟ್ಟಡದ ಅರ್ಥಿಂಗ್‌ನಿಂದ ಬಿಡಿಸಿ. ಪಿಟ್ಟಿನಿಂದ 30 ಮೀಟರ್ ದೂರದಲ್ಲಿ ಕರೆಂಟ್ ಗೂಟ ಹೊಡೆಯಿರಿ. ಅದೇ ನೇರದಲ್ಲಿ ಸುಮಾರು 18.5 ಮೀಟರಿಗೆ, ಅಂದರೆ ಶೇಕಡಾ 62ರ ದೂರಕ್ಕೆ, ವೋಲ್ಟೇಜ್ ಗೂಟ ಹೊಡೆಯಿರಿ. ಅರ್ಥ್ ಟೆಸ್ಟರ್ ರೀಡಿಂಗ್ ಬರೆದುಕೊಳ್ಳಿ. ನಡುವಿನ ಗೂಟವನ್ನು ಎರಡು ಮೀಟರ್ ಹಿಂದೆ, ಎರಡು ಮೀಟರ್ ಮುಂದೆ ಸರಿಸಿ ಮತ್ತೆ ನೋಡಿ. ಮೂರೂ ಹೆಚ್ಚುಕಡಿಮೆ ಒಂದೇ ಬಂದರೆ ಅದು ನಂಬಬಹುದಾದ ರೀಡಿಂಗ್. ಬೆಂಗಳೂರಿನ 20–30 ಸೈಟಿನಲ್ಲಿ 30 ಮೀಟರ್ ಎಲ್ಲಿಂದ ತರುವುದು, ಅಲ್ವಾ? ಅಂಥ ಕಡೆ ಕರೆಂಟ್ ಬಂದ ಮೇಲೆ ಲೂಪ್ ಇಂಪೀಡೆನ್ಸ್ (ಕರೆಂಟ್ ಅರ್ಥ್ ಮೂಲಕ ಸುತ್ತಿ ಬರುವ ಪೂರ್ತಿ ದಾರಿಯ ತಡೆ) ಮೀಟರಿನಿಂದ ಅಳೆದು, ಹಾಗೆ ಅಳೆದದ್ದು ಎಂದೇ ರಿಪೋರ್ಟಿನಲ್ಲಿ ಬರೆಯಿರಿ.

ಅಳೆಯುವ ಕಾಲವೂ ಮುಖ್ಯ. ಅರ್ಥಿಂಗನ್ನು ಒಣ ಹವೆಯ ಕಾಲದಲ್ಲಿ, ಒಣಗಿದ ದಿನದಲ್ಲಿ, ಎರಡು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು ಎಂಬ ನಿಯಮ ಇರುವುದು ಇದಕ್ಕೇ. ಉಡುಪಿಯಲ್ಲಿ ಜುಲೈ ತಿಂಗಳಲ್ಲಿ ಅಳೆದರೆ ಯಾವ ಪಿಟ್ಟಾದರೂ ಒಳ್ಳೆಯದಾಗಿಯೇ ಕಾಣುತ್ತದೆ. ಅದೇ ಮುರಕಲ್ಲಿನ ನೆಲ ಏಪ್ರಿಲ್‌ನಲ್ಲಿ ಬೇರೆಯೇ ಅಂಕಿ ಕೊಡುತ್ತದೆ. ಚಿತ್ರದುರ್ಗ, ಕೋಲಾರದ ಬಂಡೆ ನೆಲದಲ್ಲಂತೂ ಒಂದು ಪಿಟ್ ಸಾಲದೇ ಹೋಗುವುದು ಸಾಮಾನ್ಯ.

ಗಿರಣಿ, ವೆಲ್ಡಿಂಗ್ ಅಂಗಡಿ, ತೋಟದ ಪಂಪ್‌ಸೆಟ್ ಎಲ್ಲೇ ಆಗಲಿ, ಮೂರು ಫೇಸ್ ಮೋಟಾರಿನ ಮೈಗೆ ಎರಡು ಬೇರೆ ಬೇರೆ ಅರ್ಥ್ ಸಂಪರ್ಕ ಬೇಕು. ತಗಡಿನ ಸ್ಟಾರ್ಟರ್ ಬಾಕ್ಸನ್ನು ಮರೆಯಬೇಡಿ. ರಾತ್ರಿ ಕರೆಂಟ್ ಬಂದಾಗ ಒದ್ದೆ ಗದ್ದೆಯಲ್ಲಿ ಬರಿಗಾಲಲ್ಲಿ ನಿಂತು ರೈತರು ಕೈ ಹಾಕುವುದು ಆ ಬಾಕ್ಸಿಗೇ.

ಒಳ್ಳೆಯ ಅರ್ಥ್ ಇದ್ದೂ ಶಾಕ್ ಏಕೆ ಹೊಡೆಯುತ್ತದೆ

ಒಂದು ಸಣ್ಣ ಲೆಕ್ಕ ಮಾಡೋಣ. ಮನೆಯ ಪಿಟ್ 5 ಓಮ್ ಇದೆ. ಗೀಸರಿನ ಮೈಗೆ ಫೇಸ್ ತಗುಲಿತು. ಬೇರೆ ರೆಸಿಸ್ಟೆನ್ಸ್ ಏನೂ ಇಲ್ಲ ಎಂದುಕೊಂಡರೂ ಹರಿಯುವುದು 230 ಭಾಗಿಸು 5, ಅಂದರೆ 46 ಆಂಪ್. 16 ಆಂಪ್‌ನ ಸಿ ಟೈಪ್ ಎಂಸಿಬಿ ತಟ್ಟನೆ ಬೀಳುತ್ತದೆ (ಟ್ರಿಪ್ ಆಗುತ್ತದೆ) ಎಂಬ ಖಾತ್ರಿಗೆ ಹತ್ತು ಪಟ್ಟು, ಅಂದರೆ 160 ಆಂಪ್ ಬೇಕು. 46 ಆಂಪ್‌ಗೆ ಅದು ಬಿಸಿಯಾಗಿ ಬೀಳುವಷ್ಟರಲ್ಲಿ ಸೆಕೆಂಡುಗಳು ಕಳೆಯುತ್ತವೆ. ಅಷ್ಟೂ ಹೊತ್ತು ಗೀಸರಿನ ಮೈಮೇಲೆ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜು ನಿಂತಿರುತ್ತದೆ. ಅದು ತಟ್ಟನೆ ಬೀಳಬೇಕಾದರೆ ಇಡೀ ಲೂಪ್ 1.44 ಓಮ್‌ಗಿಂತ ಕಡಿಮೆ ಇರಬೇಕು. ಬರೀ ಮಣ್ಣಿನ ಮೂಲಕ ಅಷ್ಟು ಸಿಗುವುದು ಕಷ್ಟ.

ಈಗ 30 ಮಿಲಿ ಆಂಪ್ ಆರ್‌ಸಿಸಿಬಿ ಇದೆ ಎಂದುಕೊಳ್ಳಿ. ಪಿಟ್ 100 ಓಮ್‌ಗೆ ಹಾಳಾಗಿದ್ದರೂ 2.3 ಆಂಪ್ ಹರಿಯುತ್ತದೆ. ಆರ್‌ಸಿಸಿಬಿಗೆ ಅದು ಬೇಕಾದ್ದಕ್ಕಿಂತ ಎಪ್ಪತ್ತು ಪಟ್ಟು ಜಾಸ್ತಿ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬೀಳುತ್ತದೆ. ಆರ್‌ಸಿಸಿಬಿ ಇಲ್ಲದ ಮನೆಯ ರಿಪೋರ್ಟಿಗೆ ಸಹಿ ಹಾಕಬೇಡಿ ಎಂದು ನಾನು ಒತ್ತಿ ಹೇಳುವುದು ಈ ಲೆಕ್ಕದಿಂದ. ಮಾಲೀಕರು ಖರ್ಚಿನ ಮಾತು ತೆಗೆದರೆ ಇದೇ ಲೆಕ್ಕವನ್ನು ಅವರ ಮುಂದೆ ಮಾಡಿ ತೋರಿಸಿ.

ಒಂದು ಎಚ್ಚರಿಕೆಯನ್ನೂ ಸೇರಿಸಿ ಹೇಳಿ. ಒಂದೇ ಸಲ ಫೇಸು, ನ್ಯೂಟ್ರಲ್ ಎರಡನ್ನೂ ಹಿಡಿದವರನ್ನು ಆರ್‌ಸಿಸಿಬಿ ಉಳಿಸುವುದಿಲ್ಲ. ಓವರ್‌ಲೋಡ್ ಆದರೂ ಅದು ಬೀಳುವುದಿಲ್ಲ. ಎಂಸಿಬಿ ಜೊತೆಗಿರಲೇಬೇಕು.

ಕರೆಂಟ್ ಬಂದ ಮೇಲೆ

ಮೀಟರ್ ಕೂತು ಸಪ್ಲೈ ಬಂದ ದಿನ ನೀವು ಅಲ್ಲಿರಬೇಕು. ಪೊಲಾರಿಟಿ ಮತ್ತೊಮ್ಮೆ ನೋಡಿ. ಮೀಟರ್ ಹತ್ತಿರವೇ ಫೇಸು–ನ್ಯೂಟ್ರಲ್ ಅದಲುಬದಲಾಗಿದ್ದರೆ ನಿಮ್ಮ ಒಳಗಿನ ಕೆಲಸವೆಲ್ಲ ತಿರುಗುಮುರುಗಾಗುತ್ತದೆ. ಮೂರು ಫೇಸ್ ಇದ್ದರೆ ಫೇಸ್ ಸೀಕ್ವೆನ್ಸ್ (ಮೂರು ಫೇಸುಗಳ ಸರದಿ) ನೋಡಿ.

ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ‘ಬಿತ್ತು, ಸರಿ ಇದೆ’ ಎಂದು ಬರೆಯುವುದು ಎಲ್ಲ ಕಡೆ ಕಾಣುವ ಅಭ್ಯಾಸ. ಆ ಬಟನ್ ಒಳಗಿನ ರೆಸಿಸ್ಟರ್ ಮೂಲಕ ಫೇಸು–ನ್ಯೂಟ್ರಲ್ ನಡುವೆಯೇ ಕರೆಂಟ್ ಹರಿಸುತ್ತದೆ. ಮನೆಗೆ ಅರ್ಥ್ ಪಿಟ್ಟೇ ಇಲ್ಲದಿದ್ದರೂ ಬಟನ್ ಒತ್ತಿದರೆ ಆರ್‌ಸಿಸಿಬಿ ಬೀಳುತ್ತದೆ. ಹಾಗಾಗಿ ಆರ್‌ಸಿಸಿಬಿ ಟೆಸ್ಟರ್ ಬಳಸಿ, ಸಾಕೆಟ್ಟಿನಿಂದಲೇ ಪರೀಕ್ಷಿಸಿ. 15 ಮಿಲಿ ಆಂಪ್‌ಗೆ ಬೀಳಬಾರದು. 30ಕ್ಕೆ 300 ಮಿಲಿ ಸೆಕೆಂಡಿನೊಳಗೆ ಬೀಳಬೇಕು. ಐದು ಪಟ್ಟು ಕೊಟ್ಟರೆ 40 ಮಿಲಿ ಸೆಕೆಂಡಿನೊಳಗೆ. ಎಷ್ಟು ಬಂತೋ ಅಷ್ಟನ್ನು ಬರೆಯಿರಿ.

ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದ್ದರೆ ಕಾರಣ ಹುಡುಕಿ. ಹೆಚ್ಚಿನ ಸಲ ಒಂದು ಸರ್ಕ್ಯೂಟಿನ ನ್ಯೂಟ್ರಲ್ ಇನ್ನೊಂದಕ್ಕೆ ಸೇರಿರುತ್ತದೆ. ಮನೆಗೆ ಯುಪಿಎಸ್ ಕೂರಿಸಿದ ಮೇಲೆ ಇದು ಜಾಸ್ತಿ. ಯುಪಿಎಸ್ ಕೂರಿಸಲು ಬಂದವರು ಆರ್‌ಸಿಸಿಬಿಯ ಆಚೆಗಿನ ನ್ಯೂಟ್ರಲ್ಲನ್ನು ಈಚೆಗೆ ಕೂಡಿಸಿ ಹೋಗಿರುತ್ತಾರೆ. ನ್ಯೂಟ್ರಲ್ ಬೇರೆ ಮಾಡಿದರೆ ತೊಂದರೆ ಮುಗಿಯಿತು. ಬದಲಿಗೆ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ ಬಿಟ್ಟ ಡಿಬಿಗಳು ಬೇಕಾದಷ್ಟಿವೆ. ಅದಕ್ಕಿಂತ ಕೆಟ್ಟದ್ದು, ವಾಷಿಂಗ್ ಮಷೀನ್ ಜುಮ್ ಅನ್ನುತ್ತದೆ ಎಂದು ಸಾಕೆಟ್ಟಿನಲ್ಲಿ ಅರ್ಥ್ ಪಿನ್ನಿಗೆ ನ್ಯೂಟ್ರಲ್ ಲೂಪ್ ಮಾಡುವುದು. ಆ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಮಷೀನಿನ ಬಾಡಿ 230 ವೋಲ್ಟ್ ಆಗುತ್ತದೆ. ಇಂಥದ್ದು ಕಂಡರೆ ಸಹಿ ನಿಲ್ಲಿಸಿ, ಮೊದಲು ಬಿಚ್ಚಿಸಿ.

ರಿಪೋರ್ಟ್ ಬರೆಯುವಾಗ

ಪ್ರತಿ ಸರ್ಕ್ಯೂಟಿಗೆ ಒಂದು ಸಾಲು. ವೈರಿನ ಸೈಜು, ಎಂಸಿಬಿ ರೇಟಿಂಗ್, ಮೆಗ್ಗರ್ ರೀಡಿಂಗ್, ಅರ್ಥ್ ಕಂಟಿನ್ಯೂಟಿ. ಪರೀಕ್ಷೆಯ ದಿನಾಂಕ, ಮೀಟರಿನ ಸೀರಿಯಲ್ ನಂಬರ್, ಅದರ ಕ್ಯಾಲಿಬ್ರೇಷನ್ ದಿನಾಂಕ, ಸೂಪರ್‌ವೈಸರ್ ಮತ್ತು ವೈರ್‌ಮನ್ ಪರ್ಮಿಟ್ ನಂಬರ್ ಬರೆಯಿರಿ. ಮಾಡದ ಪರೀಕ್ಷೆಗೆ ‘ಮಾಡಿಲ್ಲ’ ಎಂದೇ ಬರೆಯಿರಿ, ಕಾರಣವನ್ನೂ ಬರೆಯಿರಿ. ಎಸ್ಕಾಂನ ಫಾರಂನಲ್ಲಿ ಇಷ್ಟಕ್ಕೆಲ್ಲ ಜಾಗ ಇಲ್ಲದಿದ್ದರೆ ಇನ್ನೊಂದು ಹಾಳೆ ಲಗತ್ತಿಸಿ. ಖಾಲಿ ಫಾರಂಗೆ ಮೊದಲೇ ಸಹಿ ಹಾಕಿ ಯಾರ ಕೈಗೂ ಕೊಡಬೇಡಿ, ನಿಮ್ಮದೇ ಹುಡುಗರ ಕೈಗೂ ಬೇಡ. ಒಂದು ಪ್ರತಿ ಮಾಲೀಕರಿಗೆ, ಒಂದು ನಿಮ್ಮ ಫೈಲಿಗೆ.

ಸಂಪರ್ಕ ಕಡಿದು ಆರು ತಿಂಗಳು ಕಳೆದ ಮನೆಗೆ ಮತ್ತೆ ಕರೆಂಟ್ ಕೊಡುವ ಮುನ್ನವೂ ಹೊಸದಾಗಿ ಪರೀಕ್ಷೆ ಆಗಬೇಕು. ಹಳೆಯ ರಿಪೋರ್ಟಿನ ಜೆರಾಕ್ಸ್ ನಡೆಯುವುದಿಲ್ಲ. ಆರು ತಿಂಗಳಲ್ಲಿ ಇಲಿಗಳು ಸುಮ್ನೆ ಕೂತಿರುವುದಿಲ್ಲ.

‘ಸರ್, ಒಂದು ಸಹಿ ಹಾಕಿಕೊಡಿ’

ಈ ಮಾತು ಕೇಳದ ಗುತ್ತಿಗೆದಾರರಿಲ್ಲ. ವೈರಿಂಗನ್ನು ಲೈಸೆನ್ಸ್ ಇಲ್ಲದ ಯಾರೋ ಮಾಡಿರುತ್ತಾರೆ. ಗೃಹಪ್ರವೇಶಕ್ಕೆ ದಿನ ಗೊತ್ತಾಗಿರುತ್ತದೆ. ಸಹಿಗೆ ಇಷ್ಟು ಎಂದು ದುಡ್ಡು ಕೊಡಲು ಮಾಲೀಕರು ತಯಾರಿರುತ್ತಾರೆ. ಗುರುತಿನವರು ಬೇರೆ. ಇಲ್ಲ ಎನ್ನುವುದು ಕಷ್ಟ ಎಂದು ನನಗೂ ಗೊತ್ತು.

ಆದರೂ ಇಲ್ಲ ಎನ್ನಲೇಬೇಕು. ಕೆಲಸ ನಮ್ಮ ಮೇಲ್ವಿಚಾರಣೆಯಲ್ಲಿ ಆಗಿದೆ ಎಂದು ಆ ಕಾಗದ ಹೇಳುತ್ತದೆ, ಅದು ಸುಳ್ಳಾಗುತ್ತದೆ. ನಾಳೆ ಆ ಮನೆಯಲ್ಲಿ ಜೀವ ಹೋದರೆ ಮೊದಲು ಹುಡುಕುವುದು ಸಹಿ ಹಾಕಿದವರನ್ನು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅಡಿ ಐದು ವರ್ಷದವರೆಗೆ ಶಿಕ್ಷೆ ಇದೆ. ಹಳೆಯ ದಂಡ ಸಂಹಿತೆಯಲ್ಲಿ ಅದು ಎರಡು ವರ್ಷ ಇತ್ತು.

ಬಂದವರನ್ನು ಬರಿಗೈಲಿ ಕಳಿಸಬೇಕಿಲ್ಲ. ‘ಸಹಿ ಮಾತ್ರ ಆಗಲ್ಲ ಸರ್. ಕೆಲಸ ನನಗೆ ಒಪ್ಪಿಸಿ, ನಮ್ಮ ಸೂಪರ್‌ವೈಸರ್ ಬಂದು ಎಲ್ಲ ಬೋರ್ಡ್ ಬಿಚ್ಚಿ ನೋಡುತ್ತಾರೆ’ ಎಂದು ಹೇಳಿ. ಪ್ರತಿ ಬೋರ್ಡ್ ತೆರೆಸಿ, ಮೇಲೆ ಹೇಳಿದ ಎಲ್ಲ ಪರೀಕ್ಷೆ ಮಾಡಿ, ತಪ್ಪಿರುವುದನ್ನು ನಿಮ್ಮವರಿಂದಲೇ ಸರಿಮಾಡಿಸಿ. ಬೇರೆಯವರು ಎಳೆದ ವೈರಿಂಗ್, ನಾವು ಪರೀಕ್ಷಿಸಿ ಇಂತಿಂಥದ್ದನ್ನು ಬದಲಿಸಿದ್ದೇವೆ ಎಂದು ಇದ್ದದ್ದು ಇದ್ದ ಹಾಗೆ ಬರೆಯಿರಿ. ಅದಕ್ಕೆ ತಕ್ಕ ಕೂಲಿ ಕೇಳಿ. ಅದು ನ್ಯಾಯವಾದ ದುಡ್ಡು.

ಪೆಂಡಾಲು, ಜಾತ್ರೆ, ಮದುವೆ

ತಾತ್ಕಾಲಿಕ ಸಂಪರ್ಕಕ್ಕೂ ಇದೇ ಕರ್ತವ್ಯ. ಅಪಾಯ ಮಾತ್ರ ಇಲ್ಲಿ ಜಾಸ್ತಿ: ಮಳೆ, ಕಬ್ಬಿಣದ ಕಂಬ, ಬಟ್ಟೆ, ಜನಜಂಗುಳಿ, ಮಕ್ಕಳು. ಗಣೇಶನ ಹಬ್ಬ ಬರುವುದೇ ಮಳೆಯಲ್ಲಿ.

ಎಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆದ ಕಡೆ ಮಾತ್ರ ಕೆಲಸ ಹಿಡಿಯಿರಿ. ಸಪ್ಲೈ ಶುರುವಾಗುವ ಕಡೆಯೇ 30 ಮಿಲಿ ಆಂಪ್ ಆರ್‌ಸಿಸಿಬಿ ಇರಲಿ. ಎರಡು ಎಳೆಯ ವೈರು ಬೇಡ, ಅರ್ಥ್ ಸೇರಿ ಮೂರು ಎಳೆ ಬೇಕು. ಕಬ್ಬಿಣದ ಕಂಬ, ಟ್ರಸ್, ಧ್ವನಿವರ್ಧಕದ ಸ್ಟ್ಯಾಂಡ್ ಎಲ್ಲವನ್ನೂ ಅರ್ಥ್‌ಗೆ ಕೂಡಿಸಿ. ಜಾಯಿಂಟ್ ನೆಲದ ಮೇಲೆ ಬೇಡ. ಮೇನ್ ಸ್ವಿಚ್ ಥಟ್ಟನೆ ಕೈಗೆ ಸಿಗುವ ಕಡೆ ಇರಲಿ, ಪರದೆಯ ಹಿಂದೆ ಅಡಗಿಸಬೇಡಿ. ದೊಡ್ಡ ಮಳೆ ಬಂದು ಹೋದರೆ ಮತ್ತೊಮ್ಮೆ ಮೆಗ್ಗರ್ ಹಿಡಿದೇ ಕರೆಂಟ್ ಕೊಡಿ. ಕಾರ್ಯಕ್ರಮ ಮುಗಿಯುವವರೆಗೆ ಪರ್ಮಿಟ್ ಇರುವ ಒಬ್ಬರು ಅಲ್ಲೇ ಇರಬೇಕು.

ಮೆರವಣಿಗೆ ಇದ್ದರೆ ಮೂರ್ತಿಯ, ತೇರಿನ ಎತ್ತರ ಅಳೆಸಿ. ದಾರಿಯಲ್ಲಿ ಲೈನ್ ಅಡ್ಡ ಬರುತ್ತಿದ್ದರೆ ಸೆಕ್ಷನ್ ಆಫೀಸಿಗೆ ಮೊದಲೇ ಬರೆದುಕೊಟ್ಟು ಲೈನ್ ಆಫ್ ಮಾಡಿಸುವಂತೆ ಸಮಿತಿಯವರಿಗೆ ಹೇಳಿ. ಬಿದಿರು ಕೋಲಿನಿಂದ ತಂತಿ ಎತ್ತುವವರನ್ನು ತಡೆಯಿರಿ. ಒದ್ದೆ ಬಿದಿರಿನಲ್ಲಿ ಕರೆಂಟ್ ಹರಿಯುತ್ತದೆ.

ಕೊಟ್ಟು ಬಂದ ಮೇಲೆ

ಮನೆಯವರಿಗೆ ಡಿಬಿ ತೋರಿಸಿ. ಯಾವ ಎಂಸಿಬಿ ಯಾವುದಕ್ಕೆ ಎಂದು ಕನ್ನಡದಲ್ಲಿ ಬರೆದು ಅಂಟಿಸಿ. ತಿಂಗಳಿಗೊಮ್ಮೆ ಆರ್‌ಸಿಸಿಬಿ ಬಟನ್ ಒತ್ತಲು ಹೇಳಿ. ಆ ಬಟನ್ ಅರ್ಥ್ ಪಿಟ್ ಬಗ್ಗೆ ಏನೂ ಹೇಳದಿದ್ದರೂ ಆರ್‌ಸಿಸಿಬಿಯ ಯಂತ್ರ ಜಾಮ್ ಆಗಿಲ್ಲ ಎಂದು ಹೇಳುತ್ತದೆ. ಐದು ವರ್ಷ ಮೀರದಂತೆ ಇಡೀ ಮನೆಯ ಪರೀಕ್ಷೆ ಮತ್ತೊಮ್ಮೆ ಆಗಬೇಕು ಎಂದು ತಿಳಿಸಿ, ಆ ತಿಂಗಳು–ವರ್ಷವನ್ನು ಡಿಬಿಯ ಬಾಗಿಲ ಮೇಲೆಯೇ ಬರೆಯಿರಿ.

ಎಲ್ಲ ಮಾಡಿಯೂ ಅವಘಡ ಆಗಬಹುದು. ಫೋನ್ ಬಂದರೆ ಮೊದಲ ಮಾತು ಮೇನ್ ಆಫ್ ಮಾಡಿಸುವುದು. ಮೇನ್ ಆಫ್ ಆಗದಿದ್ದರೆ 1912ಕ್ಕೆ ಕರೆ ಮಾಡಿ ಲೈನ್ ಕಡಿಸುವುದು. ವಿದ್ಯುತ್ ಕಾಯ್ದೆಯ 161ನೇ ಕಲಂ ಪ್ರಕಾರ ಅಪಘಾತದ ಸುದ್ದಿ ವಿದ್ಯುತ್ ಪರಿವೀಕ್ಷಕರಿಗೆ ಹೋಗಬೇಕು. ಸಾವಾಗಿದ್ದರೆ ತಿಳಿದ 24 ಗಂಟೆಯೊಳಗೆ ಸುದ್ದಿ, 48 ಗಂಟೆಯೊಳಗೆ ನಮೂನೆ ‘ಎ’ಯಲ್ಲಿ ಲಿಖಿತ ವರದಿ. ಇದು ಮಾಲೀಕರ ಅಥವಾ ವಿದ್ಯುತ್ ಕಂಪನಿಯ ಅಧಿಕಾರಿಗಳ ಕೆಲಸ, ಆದರೆ ಎಷ್ಟೋ ಮಾಲೀಕರಿಗೆ ಇದು ಗೊತ್ತೇ ಇರುವುದಿಲ್ಲ. ನೀವೇ ಹೇಳಿ ಮಾಡಿಸಿ. ಗಾಯಾಳುವನ್ನು ಬಿಡಿಸಿ ಸಾಗಿಸಲು ಬೇಕಾದಷ್ಟನ್ನು ಬಿಟ್ಟು, ಪರಿವೀಕ್ಷಕರು ಬಂದು ನೋಡುವವರೆಗೆ ಡಿಬಿ, ವೈರು, ಸುಟ್ಟ ಸಾಕೆಟ್ಟು ಯಾವುದನ್ನೂ ಮುಟ್ಟಬೇಡಿ, ನಿಮ್ಮ ಹುಡುಗರಿಗೂ ಮುಟ್ಟಲು ಬಿಡಬೇಡಿ. ಅವರು ಬಂದಾಗ ಆ ಮನೆಯ ಟೆಸ್ಟ್ ರಿಪೋರ್ಟು, ಪ್ಲಾಸ್ಟರ್‌ಗೆ ಮುಂಚಿನ ಫೋಟೋಗಳು, ಮೀಟರಿನ ಕ್ಯಾಲಿಬ್ರೇಷನ್ ಪತ್ರ, ಇಷ್ಟನ್ನೂ ತೆಗೆದುಕೊಂಡು ನೀವೇ ಅಲ್ಲಿಗೆ ಹೋಗಿ.